ಕೊಲೆಸ್ಟ್ರಾಲ್ ನಾರ್ಮಲ್, ಆದರೂ ಹಾರ್ಟ್ ಅಟ್ಯಾಕ್: ರಕ್ತನಾಳದ ಒಳಗೋಡೆಯಲ್ಲಿ ಏನಾಗುತ್ತದೆ?

2025ರ ಜೂನ್‌ನಲ್ಲಿ ಹಾಸನದಿಂದ ಬಂದ ಸುದ್ದಿಗೆ ಇಡೀ ರಾಜ್ಯ ಬೆಚ್ಚಿತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು, ಅವರಲ್ಲಿ ಹಲವರು ಚಿಕ್ಕ ವಯಸ್ಸಿನವರು ಎಂಬುದು ಆ ಸುದ್ದಿ. ಜಯದೇವ ಆಸ್ಪತ್ರೆಗಳ ಮುಂದೆ ಕ್ಯೂ ಬೆಳೆಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಕೋವಿಡ್ ಲಸಿಕೆಯ ಬಗ್ಗೆ ಅನುಮಾನ ಎತ್ತಿದರು. ಕೇಂದ್ರ ಆರೋಗ್ಯ ಸಚಿವಾಲಯ ಕೂಡಲೇ ಅದನ್ನು ತಳ್ಳಿಹಾಕಿತು. ಆಮೇಲೆ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಯ ವರದಿ ಬಂತು. ಕಾರಣ ಲಸಿಕೆಯಲ್ಲ, ಬಿಪಿ, ಶುಗರ್, ತಂಬಾಕು, ಬೊಜ್ಜಿನಂಥ ಹಳೆಯ ಕಾರಣಗಳೇ ಜಾಸ್ತಿಯಾಗಿವೆ ಎಂದಿತು. ಜೊತೆಗೆ ಉರಿಯೂತದ (ಇನ್‌ಫ್ಲಮೇಷನ್, ಅಂದರೆ ಸೋಂಕು, ಪೆಟ್ಟಿಗೆ ದೇಹ ಕೆರಳಿ ಊದಿಕೊಳ್ಳುವುದು) ಪ್ರಸ್ತಾಪವನ್ನೂ ಮಾಡಿತು.

ಅದಾದ ಕೆಲವೇ ತಿಂಗಳಲ್ಲಿ, ಸೆಪ್ಟೆಂಬರ್ ಕೊನೆಗೆ, ಅಮೆರಿಕದ ಹೃದ್ರೋಗ ತಜ್ಞರ ಸಂಘ ಒಂದು ಹೇಳಿಕೆ ಕೊಟ್ಟಿತು. ಕೊಲೆಸ್ಟ್ರಾಲ್ ನೋಡುವ ಹಾಗೆ ಉರಿಯೂತವನ್ನೂ ಎಲ್ಲರಲ್ಲೂ ರಕ್ತ ಪರೀಕ್ಷೆಯಿಂದ ನೋಡಬೇಕು ಎಂಬುದು ಅದರ ಸಲಹೆ.

ಓದುಗರಿಗೆ ಗೊಂದಲ ಆಗದೆ ಇರುತ್ತಾ? ಒಬ್ಬರು ಬೀಡಿ, ಸಿಗರೇಟು ಅನ್ನುತ್ತಾರೆ. ಇನ್ನೊಬ್ಬರು ಉರಿಯೂತ ಅನ್ನುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಇನ್ನೂ ಲಸಿಕೆಯೇ ಓಡುತ್ತಿದೆ. ಕೋಲಾರ, ಚಿಂತಾಮಣಿ, ತುಮಕೂರಿನಂಥ ಊರುಗಳಲ್ಲಿ ಟೆಸ್ಟ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಮೊದಲ ಎರಡು ಉತ್ತರಗಳಿಗೆ ಜಗಳವೇ ಇಲ್ಲ. ಬೀಡಿಯ ಹೊಗೆಯಿಂದ ಹೃದಯಾಘಾತದವರೆಗೆ ಹೋಗುವ ದಾರಿಯ ನಡುವೆ ಇರುವುದೇ ಉರಿಯೂತ.

ಒಂದೇ ಸಾಲು ಜೀವಕೋಶ

ನಮ್ಮ ಎಲ್ಲ ರಕ್ತನಾಳಗಳ ಒಳಮೈಗೆ ಒಂದು ತೆಳುವಾದ ಪದರ ಇದೆ. ದಪ್ಪ ಎಂದರೆ ಒಂದು ಜೀವಕೋಶದಷ್ಟು. ಇದಕ್ಕೆ ಎಂಡೋಥೀಲಿಯಂ ಎನ್ನುತ್ತಾರೆ. ರಕ್ತ ಸದಾ ತಾಗಿಕೊಂಡು ಹರಿಯುವುದು ಇದನ್ನೇ. ಬಹಳ ಕಾಲ ಇದನ್ನು ಪೈಪಿನ ಒಳಗಿನ ಲೇಪ ಅಂದುಕೊಂಡಿದ್ದರು.

ಅದು ತಪ್ಪು ಎಂದು 1980ರ ದಶಕದಲ್ಲಿ ಗೊತ್ತಾಯಿತು. ಈ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ತಯಾರಿಸುತ್ತವೆ. ಅದರಿಂದ ನಾಳ ಸಡಿಲವಾಗುತ್ತದೆ, ರಕ್ತದ ಒತ್ತಡ ತಗ್ಗುತ್ತದೆ, ಪ್ಲೇಟ್‌ಲೆಟ್‌ಗಳು ಗೋಡೆಗೆ ಅಂಟುವುದಿಲ್ಲ. ಇದಕ್ಕೆ ಸಂಬಂಧಿಸಿದ ಸಂಶೋಧನೆಗೆ ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ರಕ್ತ ಎಲ್ಲಿ ಹೆಪ್ಪುಗಟ್ಟಬೇಕು, ಎಲ್ಲಿ ಬೇಡ, ನೀರಿನಂಶ ಎಷ್ಟು ಹೊರಗೆ ಹೋಗಬೇಕು, ಯಾವ ಬಿಳಿ ರಕ್ತಕಣವನ್ನು ತಡೆದು ನಿಲ್ಲಿಸಬೇಕು ಎಂಬ ತೀರ್ಮಾನದಲ್ಲೆಲ್ಲ ಈ ಪದರದ ಕೈ ಇದೆ.

ಸಿಗ್ನಲ್ ಹೇಗೆ ಹೊರಡುತ್ತದೆ

ಕಾಲಿಗೆ ಮುಳ್ಳು ಚುಚ್ಚಿತು, ಬ್ಯಾಕ್ಟೀರಿಯಾ ಒಳಗೆ ಹೋಯಿತು ಎಂದುಕೊಳ್ಳಿ. ಅಲ್ಲಿನ ರಕ್ಷಕ ಕೋಶಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಎಂಬ ಪ್ರೋಟೀನ್‌ಗಳನ್ನು ಬಿಡುತ್ತವೆ. ಅವು ಪಕ್ಕದ ರಕ್ತನಾಳದ ಒಳಗೋಡೆಯ ಕೋಶಕ್ಕೆ ಬಂದು ತಾಗುತ್ತವೆ. ಆ ಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಇನ್ನೊಂದು ಪ್ರೋಟೀನ್ ಇದೆ. 1986ರಲ್ಲಿ ಇದನ್ನು ಗುರುತಿಸಿದ ಇಬ್ಬರಲ್ಲಿ ಒಬ್ಬರು ಭಾರತೀಯ ಮೂಲದ ರಂಜನ್ ಸೇನ್, ಇನ್ನೊಬ್ಬರು ಡೇವಿಡ್ ಬಾಲ್ಟಿಮೋರ್. ಸಾಮಾನ್ಯವಾಗಿ ಅದನ್ನು ಮತ್ತೊಂದು ಪ್ರೋಟೀನ್ ಹಿಡಿದು ಕೂರಿಸಿರುತ್ತದೆ. ಸಿಗ್ನಲ್ ಬಂದ ತಕ್ಷಣ ಆ ಹಿಡಿತ ಬಿಡುತ್ತದೆ. ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರಕ್ಕೆ ಹೋಗಿ, ಸುಮ್ಮನೆ ಕೂತಿದ್ದ ಹತ್ತಾರು ಜೀನ್‌ಗಳನ್ನು ಎಬ್ಬಿಸುತ್ತದೆ.

ಕೆಲವೇ ಗಂಟೆಗಳಲ್ಲಿ ಗೋಡೆಯ ಗುಣವೇ ಬದಲಾಗುತ್ತದೆ. ನುಣುಪಾಗಿದ್ದ ಮೈ ಮೇಲೆ ವಿಕ್ಯಾಮ್-1, ಐಕ್ಯಾಮ್-1 ಎಂಬ ಅಂಟು ಪ್ರೋಟೀನ್‌ಗಳು ಏಳುತ್ತವೆ. ಹರಿದು ಹೋಗುತ್ತಿದ್ದ ಬಿಳಿ ರಕ್ತಕಣಗಳು ಉರುಳಿ ಬಂದು ಅಂಟಿಕೊಳ್ಳುತ್ತವೆ, ಕೋಶಗಳ ಸಂದಿಯಲ್ಲಿ ನುಸುಳಿ ಸೋಂಕಿನ ಜಾಗಕ್ಕೆ ಹೋಗುತ್ತವೆ. ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುವುದು ಈ ಕೆಲಸದಿಂದಲೇ. ಇದು ನಡೆಯದಿದ್ದರೆ ಸಣ್ಣ ಗಾಯವೂ ಪ್ರಾಣಕ್ಕೆ ಬರುತ್ತಿತ್ತು.

ಇನ್ನೊಂದು ವಿಷಯ ಇಲ್ಲಿ ಮುಖ್ಯ. ಎನ್‌ಎಫ್-ಕಪ್ಪಾ-ಬಿ ಎಬ್ಬಿಸುವ ಜೀನ್‌ಗಳಲ್ಲಿ ಒಂದು, ಅದನ್ನೇ ಮತ್ತೆ ಹಿಡಿದು ಕೂರಿಸುವ ಪ್ರೋಟೀನಿನ ಜೀನ್. ಅಂದರೆ ಆನ್ ಮಾಡುವಾಗಲೇ ಆಫ್ ಮಾಡುವ ಏರ್ಪಾಡೂ ಶುರುವಾಗಿರುತ್ತದೆ. ಕೋಲಾರ ಸೀಮೆಯ ಕೆರೆಗಳ ನೀರುಗಂಟಿಗೆ ತೂಬು ಎತ್ತುವುದು ಎಷ್ಟು ಗೊತ್ತಿರಬೇಕಿತ್ತೋ, ಹೊತ್ತಿಗೆ ಸರಿಯಾಗಿ ಮುಚ್ಚುವುದೂ ಅಷ್ಟೇ ಗೊತ್ತಿರಬೇಕಿತ್ತು, ಅಲ್ವಾ? ಇಲ್ಲೂ ಹಾಗೆಯೇ. ತೂಬು ಎತ್ತಿದ್ದರಿಂದ ಕಾಯಿಲೆ ಬರುವುದಿಲ್ಲ. ವರ್ಷಗಟ್ಟಲೆ ಮುಚ್ಚಲು ಬಿಡದಿದ್ದರೆ ಬರುತ್ತದೆ.

ಮುಚ್ಚಲು ಬಿಡದವರು ಯಾರು?

ಬೀಡಿ, ಸಿಗರೇಟಿನ ಹೊಗೆಯ ರಾಸಾಯನಿಕಗಳು ಶ್ವಾಸಕೋಶದಿಂದ ರಕ್ತಕ್ಕೆ ಬಂದು ಒಳಗೋಡೆಯನ್ನು ದಿನವೂ ಕೆರಳಿಸುತ್ತವೆ. ಹತೋಟಿ ತಪ್ಪಿದ ಸಕ್ಕರೆ ರಕ್ತದ ಪ್ರೋಟೀನ್‌ಗಳಿಗೆ ಅಂಟಿ ಅವುಗಳ ರೂಪ ಕೆಡಿಸುತ್ತದೆ. ಆ ಕೆಟ್ಟ ಪ್ರೋಟೀನ್‌ಗಳು ಇದೇ ಸಿಗ್ನಲ್ ಹೊರಡಿಸುತ್ತವೆ. ಬಿಪಿ ಜಾಸ್ತಿಯಿದ್ದರೆ ಗೋಡೆಗೆ ಬಡಿಯುವ ಬಲವೇ ಪೆಟ್ಟು. ಹೊಟ್ಟೆಯ ಸುತ್ತ ಸೇರಿದ ಕೊಬ್ಬು ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-6 (ಐಎಲ್-6) ಬಿಡುತ್ತಲೇ ಇರುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಗೋಡೆಯೊಳಗೆ ನುಗ್ಗಿ, ಅಲ್ಲಿ ಆಕ್ಸಿಡೀಕರಣವಾಗಿ, ತಾನೇ ಕೆರಳಿಸುವ ವಸ್ತುವಾಗುತ್ತದೆ. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಾಣುವುದಕ್ಕೂ ಒಂದು ಮುಖ್ಯ ಕಾರಣ ಈ ಉರಿಯೂತವೇ.

ವಸಡಿನ ಸೋಂಕನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಲ್ಲು ಅಲ್ಲಾಡುವವರೆಗೆ ದಂತವೈದ್ಯರ ಹತ್ತಿರ ಹೋಗದವರೇ ನಮ್ಮಲ್ಲಿ ಜಾಸ್ತಿ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೀವ್ರ ವಸಡು ರೋಗ ಇದ್ದವರ ಒಂದು ಗುಂಪಿಗೆ ಪೂರ್ತಿ ಚಿಕಿತ್ಸೆ, ಇನ್ನೊಂದಕ್ಕೆ ಸಾಮಾನ್ಯ ಚಿಕಿತ್ಸೆ ಕೊಟ್ಟರು. ಮರುದಿನ ಪೂರ್ತಿ ಚಿಕಿತ್ಸೆ ಪಡೆದವರ ರಕ್ತನಾಳಗಳ ಹಿಗ್ಗುವ ಶಕ್ತಿ ಕುಗ್ಗಿತ್ತು, ಬಹುಶಃ ಸ್ವಚ್ಛಗೊಳಿಸುವಾಗ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ್ದರಿಂದ. ಆದರೆ ಆರು ತಿಂಗಳ ಹೊತ್ತಿಗೆ ಅವರ ನಾಳಗಳು ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿದ್ದವು. ಬಾಯಿಯಲ್ಲಿ ಮಾಡಿದ ಕೆಲಸ ತೋಳಿನ ರಕ್ತನಾಳದಲ್ಲಿ ಕಂಡಿತು.

ಕೋಲಾರ, ಚಿಕ್ಕಬಳ್ಳಾಪುರ ಸೀಮೆಗೆ ಹೊಗೆ ಬೇರೆ ದಾರಿಗಳಲ್ಲೂ ಬರುತ್ತದೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಗೂಡು ಬೇಯಿಸಲು ನೀರು ಕುದಿಯುತ್ತಲೇ ಇರಬೇಕು. ಸೌದೆ ಉರಿಸುವ ಕಡೆ ಕೆಲಸಗಾರರು ಆ ಹೊಗೆಯಲ್ಲೇ ದಿನ ಕಳೆಯುತ್ತಾರೆ. ಹಳ್ಳಿ ಮನೆಗಳ ಸೌದೆ ಒಲೆ ಇನ್ನೂ ಪೂರ್ತಿ ಆರಿಲ್ಲ. ಹೊಗೆಯಲ್ಲಿರುವ ಪಿಎಂ 2.5 ಎಂಬ ಸೂಕ್ಷ್ಮ ಕಣಗಳು ಶ್ವಾಸಕೋಶದಲ್ಲಿ ಉರಿಯೂತ ಎಬ್ಬಿಸುತ್ತವೆ, ಅದರ ಸಿಗ್ನಲ್‌ಗಳು ರಕ್ತಕ್ಕೆ ಚೆಲ್ಲುತ್ತವೆ; ತೀರಾ ಸಣ್ಣ ಕಣಗಳು ನೇರವಾಗಿ ರಕ್ತಕ್ಕೇ ಇಳಿಯಬಲ್ಲವು. ಹೊಗೆ ಅಂದರೆ ಕೆಮ್ಮು, ದಮ್ಮು ಮಾತ್ರ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಅದು ಹೃದಯದ ಲೆಕ್ಕಕ್ಕೂ ಸೇರುತ್ತದೆ.

ಗೋಡೆಯಿಂದ ಹೃದಯಾಘಾತದವರೆಗೆ

ಅಂಟಿಕೊಂಡ ಬಿಳಿ ರಕ್ತಕಣ ಗೋಡೆಯೊಳಗೆ ಹೋಗಿ ಎಲ್‌ಡಿಎಲ್ ಕೊಬ್ಬನ್ನು ನುಂಗುತ್ತದೆ. ನುಂಗಿ ನುಂಗಿ ಉಬ್ಬಿ ಅಲ್ಲೇ ಸಾಯುತ್ತದೆ. ಸಾಯುವಾಗ ಇನ್ನಷ್ಟು ಸಿಗ್ನಲ್ ಬಿಡುತ್ತದೆ, ಇನ್ನಷ್ಟು ಕಣಗಳು ಬರುತ್ತವೆ. ಹೀಗೆ ವರ್ಷಗಳ ಕಾಲ ಬೆಳೆಯುವ ಗಡ್ಡೆಗೆ ಪ್ಲಾಕ್ ಎನ್ನುತ್ತಾರೆ. ಅದರ ಮೇಲೆ ನಾರಿನ ಒಂದು ಮುಚ್ಚಳ ಕಟ್ಟಿಕೊಳ್ಳುತ್ತದೆ. ಮುಚ್ಚಳ ಗಟ್ಟಿಯಿದ್ದರೆ ಪ್ಲಾಕ್ ಇದ್ದೂ ಮನುಷ್ಯ ಹಾಯಾಗಿ ಇರಬಹುದು. ಒಳಗಿನ ಉರಿಯೂತ ಜೋರಾದರೆ ಆ ಕೋಶಗಳು ಬಿಡುವ ಕಿಣ್ವಗಳು ಮುಚ್ಚಳವನ್ನೇ ಕರಗಿಸುತ್ತವೆ. ಅದು ಒಡೆದರೆ ಒಳಗಿನ ವಸ್ತು ರಕ್ತಕ್ಕೆ ತಾಗಿ, ನಿಮಿಷಗಳಲ್ಲಿ ಹೆಪ್ಪು ಕಟ್ಟಿ ನಾಳ ಮುಚ್ಚುತ್ತದೆ.

"ಹೋದ ವಾರ ಇಸಿಜಿ ಮಾಡಿಸಿದ್ರು, ಎಲ್ಲಾ ನಾರ್ಮಲ್ ಅಂದಿದ್ರು" ಎಂಬ ಮಾತು ಸಾವಿನ ಮನೆಗಳಲ್ಲಿ ಕೇಳಿಬರುವುದು ಇದಕ್ಕೇ. ಒಡೆಯುವ ಪ್ಲಾಕ್ ದೊಡ್ಡದೇ ಆಗಿರಬೇಕಿಲ್ಲ. ರಕ್ತದ ಹರಿವಿಗೆ ಹೆಚ್ಚು ಅಡ್ಡಿ ಮಾಡದ ಸಣ್ಣ ಪ್ಲಾಕ್ ಕೂಡ ಉರಿಯೂತದಿಂದ ಮೆತ್ತಗಾಗಿದ್ದರೆ ಒಡೆಯಬಹುದು. ಅಡ್ಡಿ ಇಲ್ಲದಿದ್ದಾಗ ಇಸಿಜಿಗೆ ತೋರಿಸಲು ಏನೂ ಇರುವುದಿಲ್ಲ.

ಪ್ಲಾಕ್ ಎಲ್ಲೆಂದರಲ್ಲಿ ಕಟ್ಟುವುದಿಲ್ಲ ಎಂಬುದನ್ನೂ ಗಮನಿಸಬೇಕು. ನಾಳ ಕವಲೊಡೆಯುವ, ರಕ್ತ ಸುಳಿಯಾಗುವ ಜಾಗಗಳಲ್ಲೇ ಹೆಚ್ಚು. ನೇರವಾಗಿ, ಒಂದೇ ಸಮನೆ ಹರಿಯುವ ಕಡೆ ಆ ಹರಿವಿನ ಉಜ್ಜುವಿಕೆಯೇ ಒಳಗೋಡೆಗೆ ಶಾಂತವಾಗಿರು ಎಂಬ ಸಿಗ್ನಲ್ ಕೊಡುತ್ತದೆ, ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆ. ದಿನವೂ ಬಿರುಸಾಗಿ ನಡೆಯಿರಿ ಎಂದು ಡಾಕ್ಟರು ಹೇಳುವುದರ ಹಿಂದೆ ಕ್ಯಾಲೊರಿ ಲೆಕ್ಕ ಮಾತ್ರ ಇಲ್ಲ.

ಹಾಗಾದರೆ ಕೋವಿಡ್?

ಕೊರೊನಾ ಸೋಂಕು ಜೋರಾಗಿದ್ದವರ ರಕ್ತನಾಳಗಳ ಒಳಗೋಡೆ ಉರಿಯೂತಕ್ಕೆ ಒಳಗಾಗಿದ್ದನ್ನು 2020ರಲ್ಲೇ ವೈದ್ಯರು ತೋರಿಸಿದ್ದರು. ಇದು ಕೋವಿಡ್‌ಗೆ ಮಾತ್ರ ಸೇರಿದ್ದೂ ಅಲ್ಲ. ಪರೀಕ್ಷೆಯಲ್ಲಿ ಖಚಿತವಾದ ಫ್ಲೂ ಜ್ವರ ಬಂದ ಮೊದಲ 7 ದಿನಗಳಲ್ಲಿ ಹೃದಯಾಘಾತದ ಸಂಭವ ಸುಮಾರು 6 ಪಟ್ಟು ಏರುತ್ತದೆ ಎಂದು ಕೆನಡಾದ ಅಧ್ಯಯನವೊಂದು 2018ರಲ್ಲಿ ತೋರಿಸಿತು. ಸೋಂಕಿನ ಸಿಗ್ನಲ್ ಇಡೀ ದೇಹದ ಒಳಗೋಡೆಗೆ ಮುಟ್ಟುತ್ತದೆ. ಮೊದಲೇ ಮೆತ್ತಗಿದ್ದ ಪ್ಲಾಕ್ ಆ ಹೊತ್ತಿಗೆ ಒಡೆಯುತ್ತದೆ.

ರವೀಂದ್ರನಾಥ್ ಸಮಿತಿ ಹೇಳಿದ್ದೂ ಇದೇ ಧಾಟಿಯಲ್ಲಿ. ಸೋಂಕಿನ ನಂತರದ ಒಂದು ವರ್ಷದೊಳಗೆ ಉರಿಯೂತದಿಂದ ಹಠಾತ್ ಹೃದಯ ಸಮಸ್ಯೆ ಹೆಚ್ಚಬಹುದು. ಮೂರು ವರ್ಷ ದಾಟಿದ ಮೇಲೆ ಅದನ್ನೇ ಕಾರಣ ಎನ್ನುವುದು ಕಷ್ಟ. ಲಸಿಕೆಯ ವಿಷಯಕ್ಕೆ ಬಂದರೆ, 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 19 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ ಅಧ್ಯಯನ ನಡೆಸಿತ್ತು. ಲಸಿಕೆಯಿಂದ ಸಾವಿನ ಸಂಭವ ಹೆಚ್ಚಿದ್ದು ಕಾಣಲಿಲ್ಲ. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು ಆಗಿದ್ದು, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ವಿಪರೀತ ಕುಡಿದಿದ್ದು, ವಿಪರೀತ ಶ್ರಮದ ವ್ಯಾಯಾಮ ಇವು ಇದ್ದವರಲ್ಲಿ ಸಂಭವ ಹೆಚ್ಚಿದ್ದು ಕಂಡಿತು. ಲಸಿಕೆಯ ವಾದ ಇಷ್ಟು ದಿನ ಉಳಿದಿರುವುದು ಸಾಕ್ಷ್ಯದ ಬಲದಿಂದಲ್ಲ. ಬೀಡಿ ಬಿಡುವುದಕ್ಕಿಂತ ಲಸಿಕೆಯನ್ನು ಬೈಯುವುದು ಸುಲಭ, ಅಷ್ಟೇ.

ಅದೇ ಗೋಡೆ, ಡೆಂಗಿಯಲ್ಲಿ

ಒಳಗೋಡೆಯ ತೊಂದರೆ ಎಂದರೆ ಹೃದಯ ಮಾತ್ರವಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಮನೆಮಂದಿಯ ಚಿಂತೆಯೆಲ್ಲ ಪ್ಲೇಟ್‌ಲೆಟ್ ಲೆಕ್ಕದ ಮೇಲೆ, ಪಪ್ಪಾಯಿ ಎಲೆ ರಸದ ಮೇಲೆ. ಪ್ರಾಣಕ್ಕೆ ಕುತ್ತು ಬರುವುದು ಹೆಚ್ಚಾಗಿ ಇನ್ನೊಂದು ಕಡೆಯಿಂದ.

ಜ್ವರ ಬಂದ ಮೊದಲ ದಿನಗಳಲ್ಲಿ ಎನ್‌ಎಸ್1 ಟೆಸ್ಟ್ ಮಾಡಿಸುತ್ತೇವಲ್ಲ, ಆ ಎನ್‌ಎಸ್1 ವೈರಸ್ಸಿನ ಒಂದು ಪ್ರೋಟೀನ್. ರಕ್ತನಾಳದ ಒಳಗೋಡೆಯ ಮೇಲಿರುವ ಸಕ್ಕರೆಯಂಶದ ಹೊದಿಕೆಯನ್ನು ಅದು ಹಾಳುಮಾಡುತ್ತದೆ. ಜೊತೆಗೆ ದೇಹದ್ದೇ ಉರಿಯೂತದ ಸಿಗ್ನಲ್‌ಗಳು ಕೋಶಗಳ ನಡುವಿನ ಸಂದಿ ಸಡಿಲ ಮಾಡುತ್ತವೆ. ರಕ್ತದ ನೀರಿನಂಶ ಹೊಟ್ಟೆ, ಎದೆಯ ಕಡೆ ಸೋರುತ್ತದೆ. ಬಿಪಿ ಕುಸಿಯುತ್ತದೆ. ಇದು ಜ್ವರ ಇಳಿಯುವ ಹೊತ್ತಿಗೇ ಶುರುವಾಗಿ 24ರಿಂದ 48 ಗಂಟೆ ಇರುತ್ತದೆ. "ಜ್ವರ ಬಿಡ್ತು, ಇನ್ನೇನು" ಎಂದು ಮನೆಗೆ ಹೊರಡುವ ಸಮಯವೂ ಅದೇ. ಹೊಟ್ಟೆ ನೋವು, ನಿಲ್ಲದ ವಾಂತಿ, ಸುಸ್ತಾಗಿ ಮಂಪರು, ವಸಡಿನಲ್ಲಿ ರಕ್ತ ಕಂಡರೆ ಪ್ಲೇಟ್‌ಲೆಟ್ ಎಷ್ಟೇ ಇರಲಿ ಆಸ್ಪತ್ರೆಯಲ್ಲಿರಬೇಕು.

ಹೃದಯದಲ್ಲಿ ಇಪ್ಪತ್ತು ವರ್ಷ ತೆಗೆದುಕೊಳ್ಳುವ ಕೇಡು ಡೆಂಗಿಯಲ್ಲಿ ಎರಡೇ ದಿನಗಳಲ್ಲಿ ಆಗಿಹೋಗುತ್ತದೆ.

ಉರಿಯೂತಕ್ಕೆ ಮಾತ್ರೆ ಕೊಟ್ಟರೆ ಆಗದೇ?

ಇಲ್ಲಿಂದ ತಜ್ಞರ ನಡುವೆ ನಿಜವಾದ ಭಿನ್ನಾಭಿಪ್ರಾಯ ಇದೆ. 2017ರಲ್ಲಿ ಕ್ಯಾಂಟೋಸ್ ಎಂಬ ಪ್ರಯೋಗದ ಫಲಿತಾಂಶ ಬಂತು. ಹಿಂದೆ ಹೃದಯಾಘಾತ ಆಗಿದ್ದ 10,061 ಜನರ ಮೇಲೆ ಇಂಟರ್‌ಲ್ಯೂಕಿನ್-1 ಬೀಟಾವನ್ನು ಮಾತ್ರ ತಡೆಯುವ ಕ್ಯಾನಕಿನುಮ್ಯಾಬ್ ಇಂಜೆಕ್ಷನ್ನಿನ ಪರೀಕ್ಷೆ ಅದು. ಕೊಲೆಸ್ಟ್ರಾಲ್ ಒಂಚೂರೂ ಇಳಿಯಲಿಲ್ಲ. ಆದರೂ 150 ಮಿಲಿಗ್ರಾಂ ಡೋಸ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಒಟ್ಟಾಗಿ ಶೇ. 15ರಷ್ಟು ತಗ್ಗಿದವು. ಉರಿಯೂತ ಬರೀ ಜೊತೆಗಾರನಲ್ಲ, ಕಾರಣವೂ ಹೌದು ಎಂದು ಮನುಷ್ಯರಲ್ಲೇ ಸಿಕ್ಕ ಗಟ್ಟಿ ಸಾಕ್ಷ್ಯ ಇದು. ಅದೇ ಪ್ರಯೋಗದಲ್ಲಿ ಸೋಂಕಿನಿಂದ ಸತ್ತವರು ಹೆಚ್ಚಾದರು. ಒಟ್ಟು ಸಾವು ಇಳಿಯಲಿಲ್ಲ. ಹೃದಯಕ್ಕೆ ಈ ಔಷಧ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಲಿಲ್ಲ.

ಮೆಥೋಟ್ರೆಕ್ಸೇಟ್ ಎಂಬ ಅಗ್ಗದ ಸಂಧಿವಾತದ ಮಾತ್ರೆಯ ಪ್ರಯೋಗದಲ್ಲಿ ಏನೂ ಲಾಭ ಕಾಣಲಿಲ್ಲ. ಅದು ಐಎಲ್-1 ಬೀಟಾವನ್ನಾಗಲಿ ಐಎಲ್-6 ಅನ್ನಾಗಲಿ ಇಳಿಸಿರಲಿಲ್ಲ. ಅಂದರೆ ಯಾವುದೋ ಒಂದು ಉರಿಯೂತ ತಗ್ಗಿಸಿದರೆ ಸಾಲದು. ಸರಿಯಾದ ಸಿಗ್ನಲ್ಲನ್ನೇ ಹಿಡಿಯಬೇಕು.

ಆಮೇಲೆ ಬಂದದ್ದು ಕೀಲು ಊದುವ ಗೌಟ್ ಕಾಯಿಲೆಯ ಹಳೆಯ ಮಾತ್ರೆ ಕೊಲ್ಚಿಸಿನ್. 2019 ಮತ್ತು 2020ರ ಎರಡು ದೊಡ್ಡ ಪ್ರಯೋಗಗಳಲ್ಲಿ ದಿನಕ್ಕೆ 0.5 ಮಿಲಿಗ್ರಾಂ ಕೊಟ್ಟಾಗ ಹೃದಯದ ಅನಾಹುತಗಳು ಕ್ರಮವಾಗಿ ಶೇ. 23 ಮತ್ತು ಶೇ. 31ರಷ್ಟು ತಗ್ಗಿದವು. 2023ರಲ್ಲಿ ಎಫ್‌ಡಿಎ ಅನುಮತಿಯೂ ಸಿಕ್ಕಿತು. 2024ರಲ್ಲಿ 7,062 ಜನರ ಮೇಲೆ ನಡೆದ ಕ್ಲಿಯರ್ ಪ್ರಯೋಗ ಬಂತು: ಹೃದಯಾಘಾತವಾದ ಕೂಡಲೇ ಶುರುಮಾಡಿದರೆ ಪ್ರಯೋಜನ ಇಲ್ಲ. ಈಗ ಒಂದು ಗುಂಪು, ಹಳೆಯ ಸ್ಥಿರ ರೋಗಿಗಳಿಗೆ ಅದು ಕೆಲಸ ಮಾಡುತ್ತದೆ ಎನ್ನುತ್ತದೆ. ಇನ್ನೊಂದು ಗುಂಪು, ಮೊದಲಿನ ಅಂಕಿಗಳೇ ಹಿಗ್ಗಿದ್ದವು ಎನ್ನುತ್ತದೆ. ನನ್ನ ಮಟ್ಟಿಗೆ ಎರಡನೆಯವರ ಅನುಮಾನ ತಳ್ಳಿಹಾಕುವಂಥದ್ದಲ್ಲ.

ಕೊಲ್ಚಿಸಿನ್ ನಮ್ಮ ಬೇಲಿ ಸಾಲಿನ ಅಗ್ನಿಶಿಖೆ ಗಿಡದ ಗೆಡ್ಡೆಯಲ್ಲೂ ಇದೆ. ಈ ಸಾಲು ಓದಿ ಯಾರಾದರೂ ಗೆಡ್ಡೆ ಅರೆಯಲು ಹೊರಡುವ ಮೊದಲೇ ಹೇಳಿಬಿಡಬೇಕು: ಅದು ಕೊಲ್ಲುವ ವಿಷ. ಮಾತ್ರೆಯೂ ಕಿಡ್ನಿ ಸರಿಯಿಲ್ಲದವರಿಗೆ ಅಪಾಯ.

ಭಾರತಕ್ಕೆ ಇನ್ನೂ ಒಂದು ಲೆಕ್ಕ ಇದೆ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಇಲ್ಲೇ ಇದ್ದಾರೆ. ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಕೊಡುವ ಮೊದಲು ಟಿಬಿ ಇದೆಯೇ ಎಂದು ನೋಡುವುದು ಕಡ್ಡಾಯ, ಯಾಕೆಂದರೆ ಅದುಮಿಕೊಂಡಿದ್ದ ಟಿಬಿ ಎದ್ದು ಕೂರುತ್ತದೆ. ಇಡೀ ದೇಹದ ಸಿಗ್ನಲ್ ಆರಿಸುವ ಔಷಧಕ್ಕೆ ಅಮೆರಿಕದಲ್ಲಿ ತೆರುವ ಬೆಲೆ ಬೇರೆ, ಇಲ್ಲಿ ತೆರುವ ಬೆಲೆ ಬೇರೆ.

ಟೆಸ್ಟ್ ಮಾಡಿಸಬೇಕೇ?

ಒಳಗೋಡೆ ಕೆರಳಿದಾಗ ಐಎಲ್-6 ಹೆಚ್ಚುತ್ತದೆ, ಅದು ಯಕೃತ್ತಿಗೆ ಹೋಗಿ ಸಿಆರ್‌ಪಿ ಎಂಬ ಪ್ರೋಟೀನ್ ಮಾಡಿಸುತ್ತದೆ. ಇದರ ಸೂಕ್ಷ್ಮ ಟೆಸ್ಟ್ ಎಚ್‌ಎಸ್-ಸಿಆರ್‌ಪಿ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಒಳ್ಳೆಯದು, 3 ದಾಟಿದರೆ ಅಪಾಯ ಜಾಸ್ತಿ. ಪರವಾಗಿ ಮಾತಾಡುವವರು 2008ರ ಜುಪಿಟರ್ ಪ್ರಯೋಗ ತೋರಿಸುತ್ತಾರೆ. ಕೊಲೆಸ್ಟ್ರಾಲ್ ಜಾಸ್ತಿ ಇಲ್ಲದ, ಆದರೆ ಈ ಸಂಖ್ಯೆ 2 ಅಥವಾ ಹೆಚ್ಚಿದ್ದ 17,802 ಜನರಲ್ಲಿ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಪಡೆದವರಿಗೆ ಹೃದಯದ ಅನಾಹುತ ಶೇ. 44ರಷ್ಟು ಕಡಿಮೆಯಾಯಿತು. ವಿರೋಧಿಗಳ ಮಾತು: ಸ್ಟ್ಯಾಟಿನ್ ಅವರ ಎಲ್‌ಡಿಎಲ್ ಕೊಲೆಸ್ಟ್ರಾಲನ್ನೂ ಅರ್ಧಕ್ಕೆ ಇಳಿಸಿತ್ತು, ಲಾಭ ಯಾವುದರಿಂದ ಬಂತು ಎಂದು ಹೇಳುವುದು ಹೇಗೆ? ಜೀನ್ ಅಧ್ಯಯನಗಳೂ ಸಿಆರ್‌ಪಿ ಬರೀ ಗುರುತು, ಕಾರಣವಲ್ಲ ಎನ್ನುತ್ತವೆ.

ನೆಗಡಿ, ವಸಡು ನೋವು, ಮೂತ್ರದ ಸೋಂಕು ಯಾವುದಿದ್ದರೂ ಈ ಸಂಖ್ಯೆ ಏರುತ್ತದೆ. 10 ದಾಟಿದ್ದರೆ ಸಾಮಾನ್ಯವಾಗಿ ಯಾವುದೋ ಸೋಂಕು. ಎರಡು ಮೂರು ವಾರ ಬಿಟ್ಟು ಮತ್ತೆ ನೋಡಬೇಕು. ಸೋಂಕು ಇಷ್ಟೊಂದು ಸಾಮಾನ್ಯವಾಗಿರುವ ನಮ್ಮಲ್ಲಿ ಎಲ್ಲರಿಗೂ ಈ ಟೆಸ್ಟ್ ಎಂದರೆ ಭಯ ಹೆಚ್ಚುವುದೇ ಹೆಚ್ಚು. ಬಿಪಿಯನ್ನೇ ಒಮ್ಮೆಯೂ ನೋಡಿಸದವರು ಪ್ಯಾಕೇಜಿನ ಆಸೆಗೆ ಸಿಆರ್‌ಪಿಗೆ ದುಡ್ಡು ಕೊಡುವುದು ತಲೆಕೆಳಗಿನ ಕೆಲಸ. ಸ್ಟ್ಯಾಟಿನ್ ಶುರುಮಾಡಬೇಕೋ ಬೇಡವೋ ಎಂಬ ಅನುಮಾನದ ಗಡಿಯಲ್ಲಿ ಇರುವವರಿಗೆ, ಡಾಕ್ಟರು ಹೇಳಿದರೆ, ಅದು ಉಪಯೋಗಕ್ಕೆ ಬರುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಿಗೆ

2004ರಲ್ಲಿ 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು ಶೇ. 90ರಷ್ಟನ್ನು ಒಂಬತ್ತೇ ಅಂಶಗಳು ವಿವರಿಸುತ್ತವೆ ಎಂದು ತೋರಿಸಿತು. ತಂಬಾಕು, ಕೆಟ್ಟ ಕೊಬ್ಬು, ಬಿಪಿ, ಶುಗರ್, ಹೊಟ್ಟೆ ಬೊಜ್ಜು, ಮನಸ್ಸಿನ ಒತ್ತಡ ಅದರಲ್ಲಿವೆ. ಹಣ್ಣು ತರಕಾರಿ ತಿನ್ನುವುದು, ವ್ಯಾಯಾಮ, ಮದ್ಯದ ಬಳಕೆಯೂ ಲೆಕ್ಕಕ್ಕೆ ಬಂದವು. ಇವುಗಳಲ್ಲಿ ಬಹುಪಾಲು ರಕ್ತನಾಳದ ಒಳಗೋಡೆಯ ಮೇಲೇ ಕೈ ಹಾಕುತ್ತವೆ. 2016-17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸಿಗ್ನಲ್ ಆರಿಸುವ ದುಬಾರಿ ಇಂಜೆಕ್ಷನ್ನಿಗೆ ಕಾಯುವ ಬದಲು ಸಿಗ್ನಲ್ ಹೊರಡಿಸುವವರನ್ನು ಹಿಡಿದರೆ ಸೋಂಕಿನ ಅಪಾಯವೂ ಇಲ್ಲ, ಖರ್ಚೂ ಕಡಿಮೆ.

ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆ ಬಾಗಿಲಿಗೇ ಬಂದು 30 ದಾಟಿದವರ ಬಿಪಿ, ಶುಗರ್ ನೋಡುತ್ತಾರೆ. ಆ ಪಟ್ಟಿಗೆ ವಸಡು ನೋಡುವುದನ್ನೂ ಗಂಭೀರವಾಗಿ ಸೇರಿಸಬಹುದು. ಬಿಚ್ಚಾಣಿಕೆ ಘಟಕಗಳಿಗೆ ಸೌದೆ ಬಿಟ್ಟು ಬೇರೆ ಇಂಧನ ಕೊಡುವುದನ್ನು ಇಷ್ಟು ದಿನ ರೇಷ್ಮೆ ಇಲಾಖೆಯ ವಿಷಯವಾಗಿ ನೋಡಿದ್ದೇವೆ. ಅದನ್ನು ಆರೋಗ್ಯ ಇಲಾಖೆಯೂ ಕೇಳಬೇಕು.

ಆದರೆ ಪ್ಲಾಕ್ ಒಡೆದ ಮೇಲೆ ಉರಿಯೂತದ ಚರ್ಚೆಗೆ ಅರ್ಥವಿಲ್ಲ. ಆಗ ಇರುವುದು ಹೆಪ್ಪಿನ ಪ್ರಶ್ನೆ, ಗಡಿಯಾರದ ಪ್ರಶ್ನೆ. ಪಾವಗಡದಿಂದಾಗಲಿ ಬಾಗೇಪಲ್ಲಿಯಿಂದಾಗಲಿ ಬೆಂಗಳೂರಿನ ಜಯದೇವ ಮುಟ್ಟುವಷ್ಟರಲ್ಲಿ ಹೃದಯದ ಸ್ನಾಯು ಸಾಕಷ್ಟು ಸತ್ತಿರಬಹುದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅವರು ಹೇಳಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ, ಉಚಿತವಾಗಿ ಕೊಡುತ್ತಾರೆ. ಎದೆ ಹಿಂಡಿದಂತಾಗಿ ಬೆವರು ಬಂದರೆ ಗ್ಯಾಸ್ ಮಾತ್ರೆ ಹುಡುಕದೆ, ಬೆಂಗಳೂರಿಗೆ ಕಾರು ಹುಡುಕದೆ, ಮೊದಲು ಹೋಗಬೇಕಾದದ್ದು ಅಲ್ಲಿಗೆ.